ಕೌದಿಯ ನಿಮಿತ್ತವಾಗಿ ಋಜುತ್ವವಿಚಾರ

ವಕ್ರವಾದುದನ್ನು ಕಂಡೊಡನೆ ಅದನ್ನು ನೇರಗೊಳಿಸಬೇಕೆಂಬ ಇಚ್ಛೆಯು ಮನುಷ್ಯನಿಗೆ ಸಹಜವಾದುದು. ಬಾಗಿದ ಬೇಲಿಯನ್ನು ಕಂಡ ಒಕ್ಕಲಿಗನೂ, ಓರೆಯಾದ ಅಕ್ಷರವನ್ನು ಕಂಡ ಉಪಾಧ್ಯಾಯನೂ, ತಪ್ಪಿದ ತಾಳವನ್ನು ಕೇಳಿದ ಭಾಗವತನೂ ಕೈಕಟ್ಟಿ ಕುಳಿತಿರಲಾರರು. ಈ ಇಚ್ಛೆಯು ಒಳ್ಳೆಯದೇ ಸರಿ. ಇದಿಲ್ಲದಿದ್ದರೆ ಮನೆಯ ಗೋಡೆಯಾಗಲಿ, ಮಕ್ಕಳ ಬುದ್ಧಿಯಾಗಲಿ ನೆಟ್ಟಗೆ ನಿಲ್ಲುತ್ತಿರಲಿಲ್ಲ. ಆದರೆ ನೇರಗೊಳಿಸತಕ್ಕ ವಸ್ತುವು ಪರರ ಕೈಕೆಲಸವಾಗಿದ್ದಾಗ, ಅದರಲ್ಲಿಯೂ ಆ ಪರರು ಕೇಳಿದರೆ ಉತ್ತರ ಕೊಡಲಾರದಷ್ಟು ದೂರ ನಡೆದುಬಿಟ್ಟಿದ್ದಾಗ, ತಿದ್ದುವವನ ಅಧಿಕಾರವು ಎಲ್ಲಿಯವರೆಗೆ ಎಂಬುದು ವಿಚಾರಿಸತಕ್ಕ ಪ್ರಶ್ನೆ. ಇಲ್ಲಿ ಒಂದು ಕೌದಿಯನ್ನು ನಿಮಿತ್ತವಾಗಿಟ್ಟುಕೊಂಡು ಆ ಪ್ರಶ್ನೆಯನ್ನು ಪರಿಶೀಲಿಸಲಾಗುವುದು. ಕೌದಿಯು ಅಲ್ಪವಸ್ತುವೆಂದು ವಾಚಕರು ಉಪೇಕ್ಷಿಸಬಾರದು. ಧರ್ಮಸಂದೇಹಗಳು ಯುದ್ಧಭೂಮಿಯಲ್ಲಿ ಮಾತ್ರ ಹುಟ್ಟತಕ್ಕವುಗಳಲ್ಲ. ಮನೆಯ ಪಡಸಾಲೆಯಲ್ಲಿಯೂ ಹುಟ್ಟುವುವು.

ಪೂರ್ವಮೀಮಾಂಸಕರು ಒಂದೊಂದು ಅಧಿಕರಣಕ್ಕೂ ಐದು ಅಂಗಗಳನ್ನು ಹೇಳಿರುವರು: ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತ, ಸಂಗತಿ. ಎದುರಾಳಿಯ ಮಾತನ್ನು ಅವನಿಗಿಂತಲೂ ಚೆನ್ನಾಗಿ ಹೇಳಿದ ಬಳಿಕವೇ ತನ್ನ ಮಾತನ್ನು ಹೇಳಬೇಕೆಂಬುದು ಈ ಕ್ರಮದ ಗುಣ. ಈ ವಿಚಾರಕ್ಕೂ ಅದೇ ಕ್ರಮವು ಸಾಕು.

ವಿಷಯವು ಹೀಗೆ. ಪರಶುರಾಮಸೃಷ್ಟಿಯ ಸಪ್ತಕ್ಷೇತ್ರಗಳಲ್ಲಿ ಒಂದೆಂದು ಗಣಿಸಲ್ಪಡುವ ಕೋಟೇಶ್ವರದಲ್ಲಿ, ಕೋಟಿತೀರ್ಥಕ್ಕೆ ಸಮೀಪದ ಒಂದು ಮನೆಯನ್ನು ಭಾವಿಸೋಣವಾಗಲಿ. ಇದು ವಿಚಾರಕ್ಕಾಗಿ ಕಲ್ಪಿಸಿದ ದೃಷ್ಟಾಂತವಾದರೂ, ಲೋಕದಲ್ಲಿ ಕಾಣದ ಸಂಗತಿಯೇನೂ ಇದರಲ್ಲಿಲ್ಲ. ಆ ಮನೆಯ ಅಜ್ಜಿ ತಾನು ಉಟ್ಟು ಸವೆಸಿದ ಉಡುಪಿಯ ಕೈಮಗ್ಗದ ಹತ್ತಿ ಸೀರೆಗಳನ್ನು ಕತ್ತರಿಸಿ, ತುಂಡಿಗೆ ತುಂಡು ಕೂಡಿಸಿ, ಸುತ್ತಲೂ ತನ್ನ ಧಾರೆಯ ಸೀರೆಯ ಅಂಚನ್ನು ಹಚ್ಚಿ, ಮಳೆಗಾಲದ ತಂಡಿಗೆ ಹೊದೆಯುವ ಒಂದು ಹೊದಿಕೆಯ ಮೇಲ್ಬಟ್ಟೆಯನ್ನು ಸಿದ್ಧಪಡಿಸಿದ್ದಳು. ಅದಕ್ಕೆ ಅಡಿಬಟ್ಟೆಯನ್ನೂ ನಡುವಣ ಹತ್ತಿಯ ಪದರವನ್ನೂ ಸೇರಿಸಿ ಹೊಲಿಯುವುದಕ್ಕೆ ಮುಂಚೆಯೇ ಅವಳ ಆಯುಸ್ಸು ಮುಗಿಯಿತು. ಮೊಮ್ಮಗಳು ಪರದೇಶದಲ್ಲಿರುವವಳು, ಉತ್ತರಕ್ರಿಯೆ ಮುಗಿಸಿ ಮರಳುವಾಗ ಆ ಬಟ್ಟೆಯನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ಹೋದಳು. ಅಲ್ಲಿ ಆಕೆಗೆ ಲಾಂಗ್‌ಆರ್ಮ್ ಎಂದು ಕರೆಯಲ್ಪಡುವ ನೀಳ್ದೋಳಿನ ಹೊಲಿಗೆಯಂತ್ರದಲ್ಲಿ ಪರಿಶ್ರಮವುಂಟು.

ಆ ಯಂತ್ರದ ಸ್ವರೂಪವನ್ನು ಎರಡು ಮಾತುಗಳಲ್ಲಿ ಹೇಳಬೇಕಾಗುವುದು. ಸಾಮಾನ್ಯವಾದ ಹೊಲಿಗೆಯಂತ್ರದಲ್ಲಿ ಸೂಜಿಯು ತನ್ನ ಸ್ಥಾನದಲ್ಲಿಯೇ ಇದ್ದು ಮೇಲೆ ಕೆಳಗೆ ಆಡುವುದು; ಬಟ್ಟೆಯು ಅದರಡಿಯಲ್ಲಿ ಚಲಿಸುವುದು. ನೀಳ್ದೋಳಿನ ಯಂತ್ರದಲ್ಲಿ ಇದು ತಿರುವುಮುರುವು: ಬಟ್ಟೆಯು ಹತ್ತು ಹನ್ನೆರಡು ಅಡಿ ಉದ್ದದ ಚೌಕಟ್ಟಿನ ಉರುಳೆಗಳ ನಡುವೆ ಹಾಸಿಕೊಂಡು ಸುಮ್ಮನಿರುವುದು, ಯಂತ್ರವೇ ಹಳಿಗಳ ಮೇಲೆ ಹಿಂದೆ ಮುಂದೆ, ಎಡಕ್ಕೆ ಬಲಕ್ಕೆ ಚಲಿಸಿ ಹೊಲಿಗೆ ಹಾಕುವುದು. ಒಂದು ಪಟ್ಟಿಯಷ್ಟು ಮುಗಿದ ಮೇಲೆ ಉರುಳೆಯನ್ನು ತಿರುಗಿಸಿ ಮುಂದಿನ ಪಟ್ಟಿಯನ್ನು ಎದುರಿಗೆ ತರುವರು. ಆದುದರಿಂದ ಹೊಲಿಯುವವಳಿಗೆ ಇಡೀ ಬಟ್ಟೆಯು ಒಂದೇ ಕಾಲದಲ್ಲಿ ಕಾಣದು. ಹಿಂದಿನದು ಸುತ್ತಿಕೊಂಡಿರುವುದು, ಮುಂದಿನದು ಇನ್ನೂ ಬಿಚ್ಚಿಕೊಳ್ಳಬೇಕಾಗಿರುವುದು.

ಮೊಮ್ಮಗಳು ಅಜ್ಜಿಯ ಬಟ್ಟೆಯನ್ನು ನೆಲದ ಮೇಲೆ ಹರವಿ ಅಳೆದಳು. ನಡುವಿನಲ್ಲಿ ಉದ್ದವು ೭೨ ಅಂಗುಲ. ಎರಡು ಪಾರ್ಶ್ವಗಳಲ್ಲಿಯೂ ೭೫ ಅಂಗುಲ. ನಡುವು ನೆಲಕ್ಕೆ ಹತ್ತಿ ಮಲಗಿದರೆ ಅಂಚುಗಳು ಅಲೆಯಲೆಯಾಗಿ ಏಳುವುವು. ಇದಕ್ಕೆ ಕಾರಣಗಳಿಲ್ಲದಿಲ್ಲ. ಹಾಸಿನ ನೂಲಿನ ಉದ್ದಕ್ಕಾಗಲಿ ಹೊಕ್ಕಿನ ನೂಲಿನ ಉದ್ದಕ್ಕಾಗಲಿ ಎಳೆದರೆ ನೆಯ್ಗೆಯು ಬಹುಮಟ್ಟಿಗೆ ಜಗ್ಗದು. ಇವೆರಡರ ನಡುವೆ ಓರೆಯಾಗಿ ಕತ್ತರಿಸಿದ ತುಂಡು ಕೈ ಮುಟ್ಟಿದರೂ ಹಿಗ್ಗುವುದು. ಬಹುಕಾಲ ಉಟ್ಟ ಸೀರೆಯ ಒಡಲು ಒಂದು ಬಗೆ, ಒತ್ತಾಗಿ ನೆಯ್ದ ಅಂಚು ಇನ್ನೊಂದು ಬಗೆ. ಅಂಚಿನ ಪಟ್ಟಿಯನ್ನು ಮೊದಲು ನಡುವಿನ ಅಳತೆಗೆ ಕತ್ತರಿಸಿಕೊಳ್ಳದೆ, ಹೊಲಿಯುತ್ತ ಹೊಲಿಯುತ್ತ ಬಟ್ಟೆಯು ಕೇಳಿದಷ್ಟು ಕೊಡುತ್ತ ಹೋದರೆ ಅದು ಪ್ರತಿ ಗೇಣಿಗೂ ಸ್ವಲ್ಪ ಹೆಚ್ಚಾಗುತ್ತಲೇ ಹೋಗುವುದು. ಎಂಬತ್ತು ವರ್ಷದ ಕಣ್ಣಿಗೆ ಅದು ಕಾಣಲಿಲ್ಲವೆಂದರೆ ಆಶ್ಚರ್ಯವೇನು?

ಸಂಶಯವು ಇದು: ಈ ಮೂರು ಅಂಗುಲದ ವೈಷಮ್ಯವನ್ನು ಮೊಮ್ಮಗಳು ಬಲಾತ್ಕಾರವಾಗಿ ತೆಗೆದುಹಾಕಬೇಕೋ, ಇದ್ದಂತೆಯೇ ಬಿಡಬೇಕೋ, ಅಥವಾ ಮೂರನೆಯ ಮಾರ್ಗವೊಂದುಂಟೋ?

ಮೊದಲನೆಯ ಪೂರ್ವಪಕ್ಷದವರು ಹೇಳುವುದೇನೆಂದರೆ: ವಸ್ತುವಿಗೆ ಒಂದು ಪ್ರಯೋಜನವುಂಟು, ಆ ಪ್ರಯೋಜನಕ್ಕೆ ತಕ್ಕ ಒಂದು ಲಕ್ಷಣವುಂಟು. ಹೊದಿಕೆಯು ಚೌಕವಾಗಿರಬೇಕು, ಸಮವಾಗಿ ಮಲಗಬೇಕು. ಅಜ್ಜಿಯ ಮೇಲಿನ ಪ್ರೀತಿಯಿಂದ ಅಜ್ಜಿಯ ತಪ್ಪನ್ನೂ ಪ್ರೀತಿಸಬೇಕೆಂದರೆ ಅದು ಮೋಹವೇ ಹೊರತು ಭಕ್ತಿಯಲ್ಲ. ಬಲ್ಲವಳಾಗಿದ್ದೂ ತಿದ್ದದೆ ಬಿಟ್ಟರೆ ವಿದ್ಯೆಗೆ ದ್ರೋಹ ಮಾಡಿದಂತಾಯಿತು. ಆದುದರಿಂದ ಬಟ್ಟೆಯನ್ನು ಬಿಗಿಯಾಗಿ ಎಳೆದು ಕಟ್ಟಲಿ. ಎಳೆತಕ್ಕೆ ಬಗ್ಗದಿದ್ದರೆ ಅಳತೆಗೋಲನ್ನಿಟ್ಟು ಹೊರಗೆ ಉಳಿದುದನ್ನು ಕತ್ತರಿಸಲಿ. ಅಜ್ಜಿಯು ಬದುಕಿದ್ದರೂ ನೇರವಾದ ಹೊದಿಕೆಯನ್ನೇ ಬಯಸುತ್ತಿದ್ದಳು.

ಎರಡನೆಯ ಪೂರ್ವಪಕ್ಷದವರು ಹೇಳುವುದೇನೆಂದರೆ: ಆ ಅಲೆಗಳು ತಪ್ಪಲ್ಲ, ಅವು ಆ ಕೈಯ ಗುರುತು. ಗಾಂಧಾರದಿಂದ ತಂದ ಕಂಬಳಿ ಹಣಕ್ಕೆ ಸಿಕ್ಕೀತು. ಅಜ್ಜಿಯ ಕೈ ನಡುಗಿದ ಆ ಗುರುತು ಯಾವ ಹಣಕ್ಕೂ ಸಿಕ್ಕದು. ತಿದ್ದುವುದೆಂದರೆ ಅಳಿಸುವುದು. ಆದುದರಿಂದ ಒಂದು ನೂಲನ್ನೂ ಸರಿಸದೆ, ಬಂದಂತೆ ಹೊಲಿದುಬಿಡಲಿ. ಮರಣಿಸಿದವರ ಕೆಲಸದಲ್ಲಿ ಬದುಕಿರುವವರು ಕೈಯಾಡಿಸುವುದು ಅಧಿಕಪ್ರಸಂಗ.

ಇವೆರಡು ಮಾತುಗಳಲ್ಲಿಯೂ ತಥ್ಯಾಂಶವಿಲ್ಲದಿಲ್ಲ. ಆದರೆ ಯಂತ್ರದ ಎದುರಿಗೆ ನಿಂತು ನೋಡಿದರೆ ಎರಡೂ ನಿಲ್ಲವು.

ಮೊದಲನೆಯ ಪಕ್ಷವನ್ನು ವಿಚಾರಿಸೋಣ. ಬಟ್ಟೆಯ ಅಂಚು ಅಲೆಯಾಡುವುದು ಅಗಲ ಹೆಚ್ಚಾದುದರಿಂದಲ್ಲ, ಉದ್ದ ಹೆಚ್ಚಾದುದರಿಂದ. ಅಳತೆಗೋಲನ್ನಿಟ್ಟು ಪಾರ್ಶ್ವವನ್ನು ಎಷ್ಟು ಕತ್ತರಿಸಿದರೂ ಉಳಿದ ಅಂಚಿನ ಉದ್ದವು ೭೫ ಅಂಗುಲದಷ್ಟಾಗಿಯೇ ಇರುವುದು; ಅಲೆಯು ಹೋಗದು. ಧಾರೆಯ ಸೀರೆಯ ಅಂಚು ಮಾತ್ರ ಕಸದ ಬುಟ್ಟಿಗೆ ಹೋಗುವುದು. ಇನ್ನು ಎಳೆತದ ಮಾತು. ಬಿಗಿಯಾಗಿ ಎಳೆದರೆ ನಡುವಿನ ೭೨ ಅಂಗುಲವೂ ಹಿಗ್ಗಿ ಕೆಲವು ಗಳಿಗೆ ಎಲ್ಲವೂ ಸಮವಾದಂತೆ ಕಾಣುವುದು ನಿಜ. ಚೌಕಟ್ಟಿನಿಂದ ಬಿಡಿಸಿದೊಡನೆ ಬಟ್ಟೆಯು ತನ್ನ ಸ್ವಭಾವಕ್ಕೆ ಮರಳುವುದು. ಅಷ್ಟರೊಳಗೆ ಹಾಕಿದ ಹೊಲಿಗೆಯು ಅದರೊಡನೆ ಮರಳಲಾರದೆ ಮೇಲೆಲ್ಲ ಸುಕ್ಕು ಬೀಳುವುದು. ಆದಕಾರಣ ಬಲ್ಲವರು ಬಟ್ಟೆಯನ್ನು ನಗಾರಿಯ ಚರ್ಮದಂತೆ ಬಿಗಿಯುವುದಿಲ್ಲ. ಕೆಳಗಿನಿಂದ ಬೆರಳೊತ್ತಿದರೆ ಸ್ವಲ್ಪ ಮೇಲೇಳುವಷ್ಟು ಸಡಿಲವನ್ನಿಟ್ಟಿರುವರು. ಬಲಾತ್ಕಾರವು ವಕ್ರತೆಯನ್ನು ಗುಣಪಡಿಸಲಿಲ್ಲ. ಕಣ್ಣಿನಿಂದ ಮರೆಮಾಡಿತು ಅಷ್ಟೆ. ದಂಡನೆಯ ಭಯದಿಂದ ಪಾಠಶಾಲೆಯಲ್ಲಿ ವಿನೀತನಾಗಿದ್ದ ಬಾಲಕನು ಬೀದಿಗೆ ಬಂದೊಡನೆ ಹೇಗಿರುವನೆಂಬುದನ್ನು ಬಲ್ಲವರಿಗೆ ಈ ಸುಕ್ಕಿನ ತತ್ತ್ವವನ್ನು ಬೇರೆಯಾಗಿ ವಿವರಿಸಬೇಕಾಗಿಲ್ಲ.

ಎರಡನೆಯ ಪಕ್ಷಕ್ಕೂ ಇಷ್ಟೇ ದೊಡ್ಡ ಬಾಧಕವುಂಟು. ಹೆಚ್ಚಾದ ಉದ್ದವನ್ನು ಗಮನಿಸದೆ ಹೊಲಿಯುತ್ತ ಬಂದರೆ ಅದು ಎಲ್ಲಿಯೂ ಇಲ್ಲವಾಗುವುದಿಲ್ಲ. ಮೊದಲ ಪಟ್ಟಿಯಲ್ಲಿ ಕಾಲಂಗುಲವು ಮುಂದಕ್ಕೆ ಜಾರುವುದು, ಎರಡನೆಯದರಲ್ಲಿ ಅರ್ಧಾಂಗುಲವಾಗುವುದು. ಹೀಗೆ ಪ್ರತಿಯೊಂದು ಪಟ್ಟಿಯೂ ತನ್ನ ಪಾಲಿನದನ್ನು ತನ್ನ ಮುಂದಿನದರ ಮೇಲೆ ನೂಕುತ್ತ ಬಂದು, ಕೊನೆಯ ಪಟ್ಟಿಯಲ್ಲಿ ಮೂರು ಅಂಗುಲವೂ ಒಂದೆಡೆ ಸೇರಿ ಮಡಿಕೆಯಾಗಿ ಬೀಳುವುದು. ಆ ಮಡಿಕೆಯು ಅಜ್ಜಿಯ ಕೈಯ ಗುರುತಲ್ಲ. ಅಜ್ಜಿಯು ಮಡಿಕೆಯನ್ನು ಹೊಲಿಯಲಿಲ್ಲ. ಅದು ಮೊಮ್ಮಗಳ ಉದಾಸೀನದ ಗುರುತು. ಇದ್ದಂತೆಯೇ ಬಿಡುತ್ತೇನೆಂದು ಹೇಳಿದವಳು ಇದ್ದುದನ್ನು ಕೆಡಿಸಿದಂತಾಯಿತು. ಋಣವನ್ನು ತೀರಿಸದೆ ಮಗನಿಗೆ ಬಿಟ್ಟುಹೋಗುವ ತಂದೆಯೂ, ತನ್ನ ಕಾಲದ ಅನ್ಯಾಯವನ್ನು ನೋಡಿ ಸುಮ್ಮನಿದ್ದು ಅದನ್ನೇ ಸಂಪ್ರದಾಯವೆಂದು ಹೆಸರಿಟ್ಟು ಮುಂದಿನವರಿಗೆ ದಾಟಿಸುವ ಹಿರಿಯನೂ ಮಾಡುವುದು ಇದನ್ನೇ. ಕೊನೆಯಲ್ಲಿ ನಿಂತವನು, ಬಹುಶಃ ಎಲ್ಲರಿಗಿಂತ ನಿರಪರಾಧಿಯಾದವನು, ಎಲ್ಲರ ಮಡಿಕೆಯನ್ನೂ ಹೊರುವನು.

ಆದುದರಿಂದ ಸಿದ್ಧಾಂತವು ಮೂರನೆಯದು: ಹೆಚ್ಚಾದುದನ್ನು ಕತ್ತರಿಸಲೂ ಬಾರದು, ಮುಂದಕ್ಕೆ ನೂಕಲೂ ಬಾರದು, ಎಲ್ಲರಿಗೂ ಹಂಚಬೇಕು. ಕುಶಲರು ಮಾಡುವ ಕ್ರಮವು ಹೀಗಿರುವುದು. ನಡುವಿನ ೭೨ ಅಂಗುಲವನ್ನು ಆರಾರು ಅಂಗುಲಗಳ ಹನ್ನೆರಡು ಪಾಲುಗಳನ್ನಾಗಿ ಸೀಮೆಸುಣ್ಣದಿಂದ ಗುರುತಿಸುವರು. ಪಾರ್ಶ್ವದ ೭೫ ಅಂಗುಲವನ್ನೂ ಹನ್ನೆರಡೇ ಪಾಲು ಮಾಡುವರು. ಆಗ ಒಂದೊಂದು ಪಾಲು ಆರೂಕಾಲು ಅಂಗುಲವಾಗುವುದು. ಯಂತ್ರವನ್ನು ಅಡ್ಡಲಾಗಿ ಮಾತ್ರ ಚಲಿಸುವಂತೆ ತಡೆದು ಒಂದು ನೇರವಾದ ಗೆರೆಯನ್ನು ಪಡೆದು, ನಡುವಿನ ಗುರುತೂ ಪಾರ್ಶ್ವದ ಗುರುತುಗಳೂ ಅದೇ ಗೆರೆಗೆ ಬರುವಂತೆ ಕೂಡಿಸಿ ದೊಡ್ಡ ಹೊಲಿಗೆಯಿಂದ ತಾತ್ಕಾಲಿಕವಾಗಿ ಹಿಡಿಸುವರು. ಈಗ ಒಂದು ಪಾಲು ಅರಗಿಸಿಕೊಳ್ಳಬೇಕಾದುದು ಕಾಲಂಗುಲ ಮಾತ್ರ. ಮೇಲ್ಬಟ್ಟೆಯನ್ನು ಉರುಳೆಗೆ ಬಿಗಿಯದೆ ಸಡಿಲವಾಗಿ ಹರವಿ, ನೀರು ಚಿಮುಕಿಸಿ ಇಸ್ತ್ರಿಯ ಬಿಸಿ ತಾಗಿಸಿದರೆ ಹತ್ತಿಯ ಬಟ್ಟೆಯು ತುಸು ಕುಗ್ಗುವುದು. ನಡುವಣ ಪದರವು ಸ್ವಲ್ಪ ಉಬ್ಬಿಕೊಂಡದ್ದಾದರೆ ಉಳಿದುದನ್ನು ಅದು ತನ್ನೊಳಗೆ ತೆಗೆದುಕೊಳ್ಳುವುದು. ಮೂರು ಅಂಗುಲವನ್ನು ಒಂದೇ ಸ್ಥಳವು ತಾಳಲಾರದು. ಕಾಲಂಗುಲವನ್ನು ಯಾವ ಸ್ಥಳವೂ ತಾಳಬಲ್ಲುದು.

ಇದಕ್ಕೂ ಒಂದು ಎಲ್ಲೆಯುಂಟೆಂಬುದನ್ನು ಮರೆಯಬಾರದು. ಹೆಚ್ಚಾದುದು ಮೂರರ ಬದಲು ಒಂಬತ್ತು ಅಂಗುಲವಾಗಿದ್ದರೆ ಒಂದೊಂದು ಪಾಲಿಗೂ ಮುಕ್ಕಾಲು ಅಂಗುಲ ಬರುವುದು. ಅಷ್ಟನ್ನು ಯಾವ ಹತ್ತಿಯೂ ನುಂಗಲಾರದು. ಆಗ ಸಮಾಧಾನದ ಹೆಸರಿನಲ್ಲಿ ಹಂಚುತ್ತ ಕುಳಿತರೆ ಬಟ್ಟೆಯೆಲ್ಲ ಸುಕ್ಕಾಗುವುದು. ಅಲ್ಲಿ ಹೊಲಿಗೆಯನ್ನು ಬಿಚ್ಚಿ, ಅಂಚಿನ ಪಟ್ಟಿಯನ್ನು ಬೇರ್ಪಡಿಸಿ, ನಡುವಿನ ಅಳತೆಗೆ ಸರಿಯಾಗಿ ಮತ್ತೆ ಹಚ್ಚುವುದೇ ಧರ್ಮ. ಬಿಚ್ಚುವುದು ಕತ್ತರಿಸುವುದಕ್ಕಿಂತ ಬೇರೆ. ಬಿಚ್ಚಿದುದನ್ನು ಮತ್ತೆ ಕೂಡಿಸಬಹುದು. ಸಣ್ಣ ದೋಷಕ್ಕೆ ಕ್ಷಮೆ, ನಡುವಣದಕ್ಕೆ ಹಂಚಿಕೆ, ದೊಡ್ಡದಕ್ಕೆ ಮೂಲದವರೆಗೆ ಹೋಗಿ ಪುನಃ ಕಟ್ಟುವುದು. ಈ ಮೂರರ ತಾರತಮ್ಯವನ್ನು ಅರಿತವನಿಗೆ ಮಾತ್ರ ತಿದ್ದುವ ಅಧಿಕಾರವುಂಟು.

ಆ ಅಧಿಕಾರಕ್ಕೆ ಇನ್ನೊಂದು ನಿಯಮವೂ ಇರುವುದು. ಮೇಲ್ಬಟ್ಟೆಯ ಓರೆಕೋರೆಗಳನ್ನು ಅಳೆಯುವುದಕ್ಕೆ ಮುಂಚೆ, ಹೊಲಿಯುವವಳು ತಾನು ಒದಗಿಸಿದ ಅಡಿಬಟ್ಟೆಯನ್ನು ಪರೀಕ್ಷಿಸಬೇಕು. ಅದು ಉರುಳೆಗೆ ಓರೆಯಾಗಿ ಕಟ್ಟಲ್ಪಟ್ಟಿದ್ದರೆ ಮೇಲಿನದು ಎಷ್ಟು ನೇರವಾಗಿದ್ದರೂ ಸೊಟ್ಟಗಾಗುವುದು. ದೋಷವು ಮಾತ್ರ ಮೇಲಿನದರ ಮೇಲೆ ಆರೋಪಿಸಲ್ಪಡುವುದು. ಶುಲ್ಬವೆಂದರೆ ಹಗ್ಗ. ಯಜ್ಞವೇದಿಗಳನ್ನು ಹಗ್ಗ ಹಿಡಿದು ಅಳೆಯುವ ಕ್ರಮವನ್ನು ತಿಳಿಸುವ ಶುಲ್ಬಸೂತ್ರಗಳಲ್ಲಿ, ಆಯತದ ಕರ್ಣದ ಮೇಲಣ ಚೌಕವು ಎರಡು ಭುಜಗಳ ಮೇಲಣ ಚೌಕಗಳ ಮೊತ್ತಕ್ಕೆ ಸಮವೆಂಬುದನ್ನು ಬೋಧಾಯನನು ತಿಳಿಸಿರುವನು. ಎದುರುಬದುರಿನ ಭುಜಗಳು ಸಮವಾಗಿದ್ದು ಎರಡು ಕರ್ಣಗಳೂ ಸಮವಾಗಿದ್ದರೆ ಮೂಲೆಗಳು ನೆಟ್ಟಗಿರುವುವೆಂಬುದನ್ನು ಬಡಗಿಗಳೂ ಬಲ್ಲರು. ಆ ಹಗ್ಗವನ್ನು ಮೊದಲು ತನ್ನ ಕಡೆಗೆ ಹಿಡಿದು ನೋಡಬೇಕು. ಶಿಷ್ಯನ ಉಚ್ಚಾರವನ್ನು ತಿದ್ದುವ ಗುರುವು ತನ್ನ ಹಲ್ಲು ಸಡಿಲವಾಗಿರುವುದನ್ನು ಮರೆತರೆ ಆಗುವ ಅನರ್ಥವು ಇದೇ ಬಗೆಯದು.

ಮೂರನೆಯದಾಗಿ, ತಿದ್ದುವಿಕೆಯು ಕಾಲಕಾಲಕ್ಕೆ ಸ್ವಲ್ಪಸ್ವಲ್ಪವಾಗಿ ನಡೆಯಬೇಕು. ವೃಶ್ಚಿಕಮಾಸದ ಹುಣ್ಣಿಮೆಯಂದು ಕೊಡಿಹಬ್ಬದ ರಥವು ಎಳೆಯಲ್ಪಡುವುದನ್ನು ಕೋಟೇಶ್ವರದವರು ವರ್ಷವರ್ಷವೂ ನೋಡುತ್ತಿರುವರು. ಅಷ್ಟು ದೊಡ್ಡ ರಥಕ್ಕೆ ಚುಕ್ಕಾಣಿಯಿಲ್ಲ. ಹಗ್ಗ ಹಿಡಿದ ಜನರು ಮುಂದಕ್ಕೆ ಎಳೆಯಬಲ್ಲರೇ ಹೊರತು ದಾರಿಯನ್ನು ತಿದ್ದಲಾರರು. ರಥವು ನೇರವಾಗಿ ಹೋಗುವುದು ಚಕ್ರದ ಬಳಿ ಮರದ ಬೆಣೆಯನ್ನು ಹಿಡಿದು ನಡೆಯುವ ಕೆಲವರಿಂದ. ಚಕ್ರವು ಎರಡು ಬೆರಳು ಸರಿದಾಗಲೇ ಬೆಣೆ ಕೊಟ್ಟರೆ ಅದು ಕೇಳುವುದು. ಎರಡು ಮೊಳ ಸರಿಯುವವರೆಗೆ ಸುಮ್ಮನಿದ್ದು ಆಮೇಲೆ ಕೊಟ್ಟರೆ ಬೆಣೆಯು ಮುರಿಯುವುದು, ಜನರಿಗೂ ಅಪಾಯ. ಕೌದಿಯಲ್ಲಿಯೂ ಉರುಳೆಯನ್ನು ತಿರುಗಿಸಿದ ಪ್ರತಿಯೊಂದು ಸಲವೂ ಗೆರೆಯನ್ನು ನೋಡಿ ಕೂದಲೆಳೆಯಷ್ಟು ತಿದ್ದಬೇಕು. ಕೊನೆಗೆ ಒಟ್ಟಾಗಿ ತಿದ್ದುತ್ತೇನೆಂಬುದು ತಿದ್ದುವುದಿಲ್ಲವೆಂಬ ಮಾತಿನ ಇನ್ನೊಂದು ರೂಪ.

ಇಲ್ಲಿ ಒಂದು ಆಕ್ಷೇಪವು ಬರುವುದು. ಹಂಚುವುದೆಂದರೆ ದೋಷವನ್ನು ಕಾಣದಂತೆ ಮಾಡುವುದಲ್ಲವೆ? ಅಳತೆಗೋಲಿಗೆ ಅದು ಈಗಲೂ ೭೫ ಅಂಗುಲವೇ. ನೋಡಿದವರು ೭೨ ಎಂದು ನಂಬುವರು. ಇದು ಸತ್ಯಕ್ಕೆ ಅಪಚಾರವಲ್ಲವೆ? ಈ ಆಕ್ಷೇಪವು ಹಗುರವಾದುದಲ್ಲ. ಅರಿಸ್ಟಾಟಲನು ತನ್ನ ನೀತಿಶಾಸ್ತ್ರದ ಐದನೆಯ ಪುಸ್ತಕದಲ್ಲಿ ಲೆಸ್ಬೋಸ್ ದ್ವೀಪದ ಶಿಲ್ಪಿಗಳ ಸೀಸದ ಅಳತೆಪಟ್ಟಿಯನ್ನು ಉದಾಹರಿಸಿರುವನು. ಅದು ಕಲ್ಲಿನ ಆಕಾರಕ್ಕೆ ತಕ್ಕಂತೆ ಬಾಗುವುದು. ಸಾಮಾನ್ಯವಾದ ಕಟ್ಟಳೆಯು ವಿಶೇಷವಾದ ಸಂದರ್ಭಕ್ಕೆ ಹೊಂದದಿದ್ದಾಗ ನ್ಯಾಯವು ಹಾಗೆ ಬಾಗಬೇಕೆಂದು ಅವನ ಅಭಿಪ್ರಾಯ. ಆದರೆ ಬಾಗುವ ಅಳತೆಗೋಲು ಕಳ್ಳನ ಕೈಗೂ ಅನುಕೂಲವಾದುದೇ. ಬಾಗಿದುದನ್ನು ಬಾಗಿದೆನೆಂದು ಒಪ್ಪಿಕೊಳ್ಳುವುದೊಂದೇ ಇದಕ್ಕೆ ಕಾವಲು.

ಗ್ರಂಥಸಂಪಾದನೆಯಲ್ಲಿ ಇದಕ್ಕೆ ಉತ್ತಮವಾದ ನಿದರ್ಶನವುಂಟು. ತಾಳೆಯೋಲೆಯ ಪ್ರತಿಗಳನ್ನು ನಕಲು ಮಾಡುತ್ತಿದ್ದ ಲೇಖಕರಲ್ಲಿ ಕೆಲವರು, ಅರ್ಥವಾಗದ ಪಾಠವನ್ನು ಅಶುದ್ಧವೆಂದೆಣಿಸಿ ತಮಗೆ ತಿಳಿದಂತೆ ನೇರಗೊಳಿಸಿಬಿಡುತ್ತಿದ್ದರು. ಓದುವವನಿಗೆ ಎಲ್ಲವೂ ಸಲೀಸು. ಮೂಲಕವಿಯ ಮಾತು ಮಾತ್ರ ಮಾಯ. ಪುಣೆಯ ಭಂಡಾರಕರ ಪ್ರಾಚ್ಯವಿದ್ಯಾ ಸಂಶೋಧನ ಮಂದಿರದವರು ೧೯೧೯ರಲ್ಲಿ ಆರಂಭಿಸಿ ೧೯೬೬ರಲ್ಲಿ ಮುಗಿಸಿದ ಮಹಾಭಾರತದ ಪರಿಷ್ಕರಣದಲ್ಲಿ ಇದಕ್ಕೆ ಪ್ರತಿಯಾದ ನೀತಿಯನ್ನು ಅನುಸರಿಸಿದರು. ನಿಶ್ಚಯವಿಲ್ಲದ ಪಾಠದ ಕೆಳಗೆ ಅಲೆಯಲೆಯಾದ ಗೆರೆಯೊಂದನ್ನು ಮುದ್ರಿಸಿದರು. ಬಿಟ್ಟ ಪಾಠಾಂತರಗಳನ್ನು ಅಡಿಯಲ್ಲಿ ಕೊಟ್ಟರು. ಆ ವಿದ್ವಾಂಸರು ತಿದ್ದಲಿಲ್ಲವೆಂದಲ್ಲ, ತಿದ್ದಿದುದನ್ನು ಮುಚ್ಚಿಡಲಿಲ್ಲ. ಮುಂದೆ ಬರುವ ವಿದ್ವಾಂಸನು ಅವರ ನಿರ್ಣಯವನ್ನು ಬಿಚ್ಚಿ ನೋಡುವುದಕ್ಕೆ ಅವಕಾಶವಿಟ್ಟರು. ಪರರ ಕೃತಿಯನ್ನು ಮುಟ್ಟುವ ಎಲ್ಲರಿಗೂ ಇದು ಆದರ್ಶವಾಗತಕ್ಕುದು.

ಸಂಗತಿಯನ್ನು ಹೇಳಿ ಮುಗಿಸಬಹುದು. ಘಟ್ಟದ ಮೇಲೆ ಯಲ್ಲಾಪುರ, ಹಳಿಯಾಳ, ಮುಂಡಗೋಡಿನ ಕಡೆಗಳಲ್ಲಿ ಸಿದ್ದಿ ಜನಾಂಗದ ಹೆಂಗಸರು ಕವಂದಿಯೆಂಬ ಹೊದಿಕೆಯನ್ನು ಮಾಡುವರು. ಅವರು ಮೇಲ್ಬಟ್ಟೆಯನ್ನು ಬೇರೆಯಾಗಿ ಕೂಡಿಸುವುದಿಲ್ಲ. ಹಳೆಯ ಸೀರೆಯೊಂದನ್ನು ಅಡಿಗೆ ಹಾಸಿ, ಅಂಚಿನಿಂದ ಆರಂಭಿಸಿ, ತುಂಡುಗಳನ್ನು ಇಡುತ್ತ ಹೊಲಿಯುತ್ತ ಸುತ್ತುಸುತ್ತಾಗಿ ನಡುವಿಗೆ ಬರುವರು. ಮೂಲೆಗಳಿಗೆ ಮುಮ್ಮೂಲೆಯಾಗಿ ಮಡಿಸಿದ ಬಟ್ಟೆಯ ಹೂವುಗಳನ್ನಿಡುವರು. ಅಂಚು ಬಾಗಿದ್ದರೆ ಹೊಲಿಗೆಯ ಸಾಲೂ ಅದರೊಡನೆ ಬಾಗುವುದು. ಮುಂದಿನ ತುಂಡು ಆ ಬಾಗನ್ನು ನೋಡಿಕೊಂಡೇ ಕತ್ತರಿಸಲ್ಪಡುವುದು. ಅಲ್ಲಿ ಕೂಡಿಸುವ ಕೈಯೂ ತಿದ್ದುವ ಕೈಯೂ ಒಂದೇ ಆದುದರಿಂದ ಈ ಲೇಖನದ ಸಂಶಯವೇ ಹುಟ್ಟುವುದಿಲ್ಲ. ಒಬ್ಬರು ಕೂಡಿಸಿದುದನ್ನು ಇನ್ನೊಬ್ಬರು ಮುಗಿಸುವಲ್ಲಿ ಅದು ಹುಟ್ಟುವುದು. ವಿಚಾರಿಸಿ ನೋಡಿದರೆ ಮನುಷ್ಯಜೀವನದ ಬಹುಭಾಗವು ಇಂಥ ಕೆಲಸವೇ. ತಂದೆ ಅರ್ಧ ಕಟ್ಟಿದ ಮನೆಯನ್ನು ಮಗನು ಮುಗಿಸುವನು. ಹಿಂದಿನ ಉಪಾಧ್ಯಾಯರು ಅರ್ಧ ಕಲಿಸಿದ ಬಾಲಕರು ಮುಂದಿನವರ ತರಗತಿಗೆ ಬರುವರು. ಪೂರ್ವಿಕರು ತಮಗೆ ತೋಚಿದಂತೆ ಕೂಡಿಸಿಟ್ಟ ಆಚಾರವ್ಯವಹಾರಗಳನ್ನು ಬದುಕಿರುವವರು ಹೊದೆಯುವರು. ಕತ್ತರಿಯನ್ನು ತರುವವರೂ ಉಂಟು, ಕಣ್ಣುಮುಚ್ಚಿ ಹೊಲಿಯುವವರೂ ಉಂಟು. ಅಳೆದು, ಹಂಚಿ, ಆಗದಿದ್ದಲ್ಲಿ ಬಿಚ್ಚಿ, ಮಾಡಿದುದನ್ನು ಹೇಳುವವರು ವಿರಳ.

ಗೀತೆಯು ಸಮತ್ವವನ್ನೇ ಯೋಗವೆಂದು ಕರೆದಿರುವುದು. ಸಮತ್ವವೆಂದರೆ ಎಲ್ಲವನ್ನೂ ಒಂದೇ ಅಳತೆಗೆ ಕತ್ತರಿಸುವುದೆಂದು ಅರ್ಥಮಾಡಿದರೆ ಅದು ಯೋಗವಾಗದೆ ದಬ್ಬಾಳಿಕೆಯಾದೀತು. ಯಾರಿಗೂ ತಾಳಲಾರದಷ್ಟು ಭಾರ ಬೀಳದಂತೆ ನೋಡಿಕೊಳ್ಳುವುದೆಂಬ ಅರ್ಥವು ಕೌದಿಯನ್ನು ಹೊಲಿಯುವವಳಿಗೆ ಬೇಗನೆ ತಿಳಿಯುವುದು.

ಮೊಮ್ಮಗಳು ಕೊನೆಯ ಪಟ್ಟಿಯನ್ನು ಮುಗಿಸಿ ಹೊದಿಕೆಯನ್ನು ಚೌಕಟ್ಟಿನಿಂದ ಬಿಡಿಸಿದಳೆಂದು ಭಾವಿಸೋಣವಾಗಲಿ. ಅದು ನೆಲದ ಮೇಲೆ ಸಮವಾಗಿ ಮಲಗಿರುವುದು. ಆದರೆ ಅಂಚಿನ ಬಳಿ ಬೆನ್ನು ಬಗ್ಗಿಸಿ ನೋಡಿದವರಿಗೆ ಧಾರೆಯ ಸೀರೆಯ ಪಟ್ಟಿಯು ಉಳಿದ ಬಟ್ಟೆಗಿಂತ ಎಳ್ಳಷ್ಟು ಉಬ್ಬಿ ನಿಂತಿರುವುದು ಕಾಣುವುದು. ಅದನ್ನು ಒತ್ತಿ ಅಡಗಿಸುವ ಯತ್ನವನ್ನು ಆಕೆ ಮಾಡುವುದಿಲ್ಲ. ಅಡಿಬಟ್ಟೆಯ ಒಂದು ಮೂಲೆಗೆ ಅಂಗೈಯಗಲದ ತುಂಡನ್ನು ಹಚ್ಚಿ, ಕೂಡಿಸಿದವರು ಇಂಥವರು, ಹೊಲಿದವರು ಇಂಥವರು, ನಡುವು ೭೨, ಅಂಚು ೭೫ ಎಂದು ನೂಲಿನಿಂದಲೇ ಬರೆದು, ಮಡಿಸಿ, ಮುಂದಿನ ಮಳೆಗಾಲಕ್ಕೆ ಕೋಟೇಶ್ವರದ ಮನೆಗೆ ಕಳುಹಿಸುವಳು.